ಅರಿಶಿನ ಹಚ್ಚಿದ ನೋಟಿಸು

ಬುಕ್ಕಾಂಬುಧಿಯ ಓಂಕಾರೇಶನಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಕೊರಳಿಗೊಂದು ಗುರುತಿನ ಚೀಟಿ ಬಂತು. ಅದಕ್ಕೆ ಮೊದಲು ಅವನ ಕೊರಳಿಗೆ ಬಂದಿದ್ದವು ಎರಡೇ: ಹುಟ್ಟಿದಾಗ ಲಿಂಗದ ಕರಡಿಗೆ, ಮದುವೆಯಲ್ಲಿ ಹಾರ. ಈ ಮೂರನೆಯದರಲ್ಲಿ ಅವನ ಫೋಟೊ ಇತ್ತು, ಸೀಲು ಇತ್ತು, 'ಪ್ಯಾರಾ ಲೀಗಲ್ ಸ್ವಯಂಸೇವಕ, ತಾಲ್ಲೂಕು ಕಾನೂನು ಸೇವಾ ಸಮಿತಿ' ಎಂಬ ಅಕ್ಷರಗಳಿದ್ದವು. ಅದನ್ನು ಕೊರಳಿಗೆ ಹಾಕಿಕೊಂಡು ಅಜ್ಜಂಪುರದ ಬಸ್ಸು ಹತ್ತಿದ ಮೊದಲ ದಿನವೇ ಕಂಡಕ್ಟರ್ ಅವನನ್ನು ಚೆಕಿಂಗ್‌ನವನೆಂದು ತಿಳಿದು, ಕೇಳದೆಯೇ ಎಲ್ಲರಿಗೂ ಟಿಕೆಟ್ ಹರಿದುಕೊಟ್ಟ. ಕಾನೂನಿನ ಬಲ ಏನೆಂಬುದು ಓಂಕಾರೇಶನಿಗೆ ಆವತ್ತೇ ಮನವರಿಕೆಯಾಯಿತು.

ತರೀಕೆರೆ ಕೋರ್ಟಿನಲ್ಲಿ ನಾಲ್ಕು ದಿನ ತರಬೇತಿ ನಡೆದಿತ್ತು. ಜಡ್ಜ್ ಮೇಡಂ ಅವರೇ ಬಂದು ಮಾತಾಡಿದ್ದರು. "ನೀವು ವಕೀಲರಲ್ಲ. ಕೇಸು ನಡೆಸಬೇಡಿ, ತೀರ್ಪು ಹೇಳಬೇಡಿ. ಕೋರ್ಟಿಗೆ ಬರೋಕೆ ಹೆದರೋರ ಮನೆಗೆ ನೀವು ಹೋಗಿ. ಅರ್ಜಿ ಬರೆದುಕೊಡಿ. ಅವರಿಗೆ ತಿಳಿಯೋ ಮಾತಲ್ಲಿ ತಿಳಿಸಿ. ನಮಗೆ ಆಗದೇ ಇರೋ ಕೆಲಸ ಅದು, ನಿಮಗೆ ಆಗುತ್ತೆ." ಓಂಕಾರೇಶ ಇದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮೊದಲ ವಾಕ್ಯ ಮಾತ್ರ ಬಿಟ್ಟುಹೋಗಿತ್ತು. ಆ ಹೊತ್ತಿಗೆ ಪೆನ್ನು ನಿಂತುಬಿಟ್ಟಿತ್ತು ಎಂದು ಮುಂದೆ ಅವನು ಹೇಳಿದ. ನಂಬುವವರು ನಂಬಬಹುದು.

ಊರಿಗೆ ಬಂದವನೇ ಟ್ರಂಕಿನ ತಳದಿಂದ ಮದುವೆಯ ಕಪ್ಪು ಕೋಟು ತೆಗೆದ. ಇಪ್ಪತ್ತೆರಡು ವರ್ಷದಲ್ಲಿ ಕೋಟು ಇದ್ದ ಹಾಗೇ ಇತ್ತು, ಓಂಕಾರೇಶ ಮಾತ್ರ ಹೊಟ್ಟೆಯ ಕಡೆ ಅಭಿವೃದ್ಧಿ ಹೊಂದಿದ್ದ. ಹೆಂಡತಿ ಯಶೋಧರಾ ಗುಂಡಿಗಳನ್ನು ಬಿಚ್ಚಿ ಅಂಚಿಗೆ ಹೊಲಿದುಕೊಟ್ಟಳು.

"ಈ ಬಿಸ್ಲಲ್ಲಿ ಕೋಟ್ ಯಾಕ್ರೀ?"

"ನಿಂಗೆ ಗೊತ್ತಾಗಲ್ಲ ಕಣೇ. ಕಾನೂನು ಅಂದ್ರೆ ಕಪ್ಪು."

ಹೀಗೆ ಊರು ಅವನಿಗೆ 'ಅರ್ಧ ಲಾಯರ್ರು' ಎಂದು ಹೆಸರಿಟ್ಟಿತು. ಅದರಲ್ಲಿದ್ದ ಚೇಷ್ಟೆಯನ್ನು ಬಿಟ್ಟು ಗೌರವವನ್ನಷ್ಟೇ ಅವನು ಇಟ್ಟುಕೊಂಡ.

ಮೊದಲ ಕೆಲಸ ಬಂದದ್ದು ಪಕ್ಕದ ಬೀದಿಯ ಮಲ್ಲಿಕಾಂಬನದು. ಕೆರೆಯ ಕೆಳಗೆ ಅವಳಿಗೂ ಅಣ್ಣನಿಗೂ ಅಪ್ಪ ಹಂಚಿಕೊಟ್ಟ ತೆಂಗಿನ ತೋಟವಿತ್ತು. ರಸ್ತೆಯ ಕಡೆಯ ಅರ್ಧ ಅಣ್ಣ ಸೋಮಶೇಖರಪ್ಪನಿಗೆ, ಒಳಗಿನ ಅರ್ಧ ಇವಳಿಗೆ. ಅಣ್ಣನ ಭಾಗದ ಅಂಚಿನಲ್ಲಿ ಹಾದುಹೋಗಿ ತನ್ನ ತೋಟ ಸೇರಬೇಕು. ಆರು ವರ್ಷದ ಹಿಂದೆ ಚೌಳಹಿರಿಯೂರಿನಲ್ಲಿ ಅಣ್ಣ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದ. ಆ ಗದ್ದಲದಲ್ಲಿ ಯಾರೋ ಮಲ್ಲಿಕಾಂಬನನ್ನು ಮೊದಲ ಪಂಕ್ತಿಯಿಂದ ಎಬ್ಬಿಸಿ, "ಅಮ್ಮಾ, ನೀವು ಮನೆಯೋರು, ಎರಡನೇ ಪಂಕ್ತಿಗೆ ಕೂರಿ" ಎಂದುಬಿಟ್ಟರು. ಮನೆಯವಳು ಎಂದದ್ದು ಅವಳ ಕಿವಿಗೆ ಬೀಳಲಿಲ್ಲ, ಎಬ್ಬಿಸಿದ್ದು ಬಿತ್ತು. ಊಟ ಮಾಡದೆ ಬಸ್ಸು ಹತ್ತಿದಳು. ತಂಗಿ ಉಣ್ಣದೆ ಹೋಗಿ ತನ್ನ ಮಾನ ಕಳೆದಳೆಂದು ಅಣ್ಣ ಮಾರನೆಯ ವಾರವೇ ತೋಟದ ದಾರಿಗೆ ಬೇಲಿ ಎಳೆಸಿದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಮಲ್ಲಿಕಾಂಬ ಕಾಯಿ ಕೆಡವಿಸಿದರೆ ತಲೆಯ ಮೇಲೆ ಹೊತ್ತು, ಕೆರೆ ಏರಿ ಸುತ್ತಿ, ಇನ್ನೊಬ್ಬರ ಹೊಲ ದಾಟಿ ರಸ್ತೆಗೆ ತರಬೇಕು.

"ಈ ಸಲ ಆಗ್ಲಿಲ್ಲ ಅಂದ್ರೆ ತೋಟ ಮಾರ್ಬಿಡ್ತೀನಿ ಓಂಕಾರಿ" ಎಂದಳು ಅವಳು. "ಕೋರ್ಟಲ್ಲಿ ಕೇಸ್ ಹಾಕಿದ್ರೆ ಮುಗಿಯೋ ತಂಕ ನನ್ ಮಂಡಿ ಇರಲ್ಲ. ಅಪ್ಪ ಕೈಯಾರೆ ನೆಟ್ಟ ಗಿಡ ಕಣೋ ಅವು."

ಓಂಕಾರೇಶ ಅರ್ಜಿ ಬರೆದ. ಎಷ್ಟು ಶುದ್ಧವಾಗಿ ಬರೆದನೆಂದರೆ ಮೂರು ಸಲ ಹರಿದು ನಾಲ್ಕನೆಯದು ಸರಿಹೋಯಿತು. ಎರಡನೆಯ ಶನಿವಾರ ತರೀಕೆರೆಯಲ್ಲಿ ಲೋಕ ಅದಾಲತ್, ಅಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಬಹುದು, ಖರ್ಚಿಲ್ಲ, ಒಮ್ಮೆ ಸಹಿಯಾದರೆ ಅದೇ ಕೋರ್ಟಿನ ಡಿಕ್ರಿ. ಆದರೆ ಇಬ್ಬರೂ ಬರಬೇಕು. ತಂಗಿ ಹಿಂದೆ ಕಳಿಸಿದ್ದ ಎರಡು ರಿಜಿಸ್ಟರ್ ಪೋಸ್ಟನ್ನೂ ಸೋಮಶೇಖರಪ್ಪ ಮುಟ್ಟದೆ ವಾಪಸ್ ಕಳಿಸಿದ್ದ. ಆದ್ದರಿಂದ ಮೇಡಂ ನೋಟಿಸನ್ನು ಓಂಕಾರೇಶನ ಕೈಗೇ ಕೊಟ್ಟರು.

"ನೀವೇ ಹೋಗಿ ಕೊಡಿ. ಬಲವಂತ ಬೇಡ. ಬರೋ ಹಾಗೆ ಹೇಳಿ."

ಖಾಕಿ ಕವರನ್ನು ಟೇಬಲ್ಲಿನ ಮೇಲಿಟ್ಟು ಓಂಕಾರೇಶ ಮಾರನೆಯ ಬೆಳಿಗ್ಗೆ ಕೋಟು ತೊಡುತ್ತಿದ್ದಾಗ ಯಶೋಧರಾ ಬಂದು ನೋಡಿ ಹೌಹಾರಿದಳು.

"ಇದನ್ನ ಹಿಂಗೇ ತಗೊಂಡೋಗ್ತೀರಾ? ನಾಕು ಮೂಲೆಗೆ ಅರಿಶಿನ ಇಲ್ಲ, ಕುಂಕುಮ ಇಲ್ಲ. ಬೋಳು ಕಾಗದ ಹಿಡ್ಕೊಂಡು ಒಬ್ರ ಮನೆ ಹೊಸಿಲು ದಾಟಿದ್ರೆ ಶಿವಗಣಾರಾಧನೆ ಕಾಗದ ಅನ್ಕೊಳಲ್ವಾ? ಯಾರು ಸತ್ತರು ಅಂತ ಅಳಕ್ಕೆ ಶುರು ಮಾಡ್ತಾರೆ!"

ಓಂಕಾರೇಶ ಯೋಚಿಸಿದ. ಜನಕ್ಕೆ ತಿಳಿಯುವ ಹಾಗೆ ತಿಳಿಸಬೇಕೆಂದು ಮೇಡಮ್ಮೇ ಹೇಳಿದ್ದರು. ಬುಕ್ಕಾಂಬುಧಿಯಲ್ಲಿ ಇದಕ್ಕಿಂತ ತಿಳಿಯುವ ಹಾಗೆ ಯಾರು ತಾನೆ ಹೇಳಬಲ್ಲರು? ಯಶೋಧರಾ ಕವರಿನ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ನಡುವೆ ಕುಂಕುಮವಿಟ್ಟು, ತಟ್ಟೆಯೊಂದರಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಕಾಯಿ ಜೋಡಿಸಿ ಚೀಲಕ್ಕೆ ಹಾಕಿಕೊಟ್ಟಳು. ಭಾರತದ ನ್ಯಾಯಾಂಗದ ಇತಿಹಾಸದಲ್ಲಿ ಯಾವ ನೋಟಿಸೂ ಇಷ್ಟು ಮಂಗಳಕರವಾಗಿ ಹೊರಟಿರಲಾರದು.

ಚೌಳಹಿರಿಯೂರಿನಲ್ಲಿ ಸೋಮಶೇಖರಪ್ಪ ಕೊಬ್ಬರಿ ಮೂಟೆಗಳ ನಡುವೆ ಕೂತಿದ್ದ. ಅರವತ್ತು ದಾಟಿದ, ದಪ್ಪ ಮೀಸೆಯ, ನಗುವುದನ್ನು ಖರ್ಚೆಂದು ತಿಳಿದಿದ್ದ ಮನುಷ್ಯ. ಓಂಕಾರೇಶನ ಗುರುತಿನ ಚೀಟಿ ಗುಂಡಿ ಬಿಗಿದ ಕೋಟಿನೊಳಗೆ ಸಿಕ್ಕಿಕೊಂಡಿತ್ತು.

"ಏನೋ ಓಂಕಾರಿ, ಮದ್ವೆ ಕೋಟಲ್ಲಿ ಬಂದಿದ್ದೀಯ?" ಎಂದ ಸೋಮಶೇಖರಪ್ಪ. ಆ ಮದುವೆಯಲ್ಲಿ ಉಂಡವರಲ್ಲಿ ಅವನೂ ಒಬ್ಬ.

"ಮಲ್ಲಿಕಕ್ಕನ ಕಡೆಯಿಂದ ಬಂದೆ ಅಣ್ಣಾ" ಎಂದು ಓಂಕಾರೇಶ ತಟ್ಟೆ ತೆಗೆದು ಎಲೆ ಅಡಿಕೆ ಜೋಡಿಸಿ, ಮೇಲೆ ಕವರಿಟ್ಟು ಎರಡು ಕೈಯಲ್ಲಿ ಚಾಚಿದ.

ಸೋಮಶೇಖರಪ್ಪ ಅರಿಶಿನ ನೋಡಿದ. ಕುಂಕುಮ ನೋಡಿದ. ಮಲ್ಲಿಕಾಂಬನ ಮಗಳು ಶಾಂಭವಿ ಕಡೂರಿನಲ್ಲಿ ಬಿ.ಎಡ್. ಓದುತ್ತಿದ್ದಾಳೆ, ಮದುವೆಯ ವಯಸ್ಸು. ಆರು ವರ್ಷದಲ್ಲಿ ಮೊದಲ ಸಲ ಅವನ ಮೀಸೆ ಅದುರಿತು.

"ನನ್ನ ಕರೀಬೇಕು ಅಂತ ಅವಳೇ ಅಂದ್ಲಾ?"

"ನೀವು ಬರ್ದಿದ್ರೆ ಏನೂ ನಡೆಯೋದೇ ಇಲ್ಲ ಅಣ್ಣಾ. ನೀವೇ ಮುಖ್ಯ."

"ಅದು ನ್ಯಾಯ. ಸೋದರಮಾವ ಇಲ್ದೆ ಹೆಂಗೆ ನಡೆದೀತು? ಯಾವತ್ತು?"

ಸೋದರಮಾವ ಎಂಬ ಮಾತು ಕೇಳಿ ಓಂಕಾರೇಶನಿಗೆ ಬರೀ ಸಂತೋಷವಾಯಿತು. ಎದುರುಪಕ್ಷ ಕರಗುತ್ತಿದೆ ಎಂದುಕೊಂಡ. "ಎರಡನೇ ಶನಿವಾರ, ತರೀಕೆರೇಲಿ, ಹತ್ತೂವರೆಗೆ."

"ಶನಿವಾರವಾ? ಯಾರಿಟ್ಟ ದಿನ ಅದು?"

"ಮೇಲಿನೋರು ಇಟ್ಟಿರೋದು ಅಣ್ಣಾ. ಅವತ್ತು ಇಡೀ ದೇಶದಲ್ಲೇ ಇದೆ."

"ಹಂಗಾದ್ರೆ ಬಲವಾದ ಲಗ್ನವೇ ಇರ್ಬೇಕು" ಎಂದು ಗೊಣಗಿಕೊಂಡ ಸೋಮಶೇಖರಪ್ಪ. ಓಂಕಾರೇಶ ಆಗ ಕಾಫಿ ಲೋಟಕ್ಕೆ ಕೈಚಾಚುತ್ತಿದ್ದ, ಅದು ಅವನ ಕಿವಿಗೆ ಬೀಳಲಿಲ್ಲ. "ಊಟಕ್ಕೇನು ಮಾಡ್ಸವ್ರೆ?" ಎಂದು ಸೋಮಶೇಖರಪ್ಪನೇ ಮತ್ತೆ ಕೇಳಿದ.

"ಊಟ ಇರಲ್ಲ ಅನ್ಸುತ್ತೆ. ಕಾಫಿ ಕೊಡ್ತಾರೆ."

"ಸಿಂಪಲ್ಲಾಗಿ ಮಾಡ್ತಾವ್ರೆ ಅನ್ನು. ಒಳ್ಳೇದೇ. ಜಾಗ?"

"ಬಸ್‌ಸ್ಟ್ಯಾಂಡಲ್ಲಿ ನಾನೇ ನಿಂತಿರ್ತೀನಿ ಅಣ್ಣಾ. ಕರ್ಕೊಂಡೋಗೋದು ನನ್ ಡ್ಯೂಟಿ."

ಓಂಕಾರೇಶ ನಲವತ್ತು ವಾಕ್ಯದ ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದ. 'ನೋಟಿಸು', 'ದಾರಿ', 'ಕಾನೂನು' ಎಂಬ ಮೂರು ಶಬ್ದಗಳೂ ಅದರಲ್ಲಿದ್ದವು. ಆದರೆ ಅಷ್ಟರಲ್ಲಿ ಒಳಗಿನಿಂದ ಹೋಳಿಗೆ ಬಂತು, ತುಪ್ಪ ಬಂತು. ಭಾಷಣವಿಲ್ಲದೆಯೇ ಕೆಲಸವಾದ ಮೇಲೆ ಭಾಷಣವೇಕೆಂದು ಅವನು ಉಂಡು ಎದ್ದ. ಸೋಮಶೇಖರಪ್ಪ ಕವರನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟ. ಬಿಚ್ಚಲಿಲ್ಲ.

ಮೂರು ದಿನ ಓಂಕಾರೇಶ ಊರಲ್ಲಿ ನೆಲ ಮುಟ್ಟದೆ ಓಡಾಡಿದ. ನಾಲ್ಕನೆಯ ದಿನ ಹುಲಿಯಮ್ಮ ಬಂದಳು. ಚೌಳಹಿರಿಯೂರಿಗೆ ಮಗಳನ್ನು ಕೊಟ್ಟಿದ್ದ ಹುಲಿಯಮ್ಮ ಅಲ್ಲಿನ ಸುದ್ದಿಯನ್ನು ಇಲ್ಲಿಗೂ ಇಲ್ಲಿನ ಸುದ್ದಿಯನ್ನು ಅಲ್ಲಿಗೂ ಮುಟ್ಟಿಸುತ್ತಿದ್ದಳು, ದಾರಿಯಲ್ಲಿ ಸ್ವಲ್ಪ ಸೇರಿಸಿ.

"ಶಾಂಭವಿಗೆ ಮದ್ವೆಯಂತೆ! ಸೋಮಣ್ಣೋರು ಸೀರೆ ತಂದವ್ರೆ, ವ್ಯಾನ್ ಹೇಳವ್ರೆ!"

ಮಲ್ಲಿಕಾಂಬನದೊಂದು ಕೆಲಸ ತರೀಕೆರೆ ಕೋರ್ಟಿನಲ್ಲಿದೆ ಎಂದು ಊರಿಗೆಲ್ಲ ಹೇಳಿದ್ದವನು ಓಂಕಾರೇಶನೇ. ಊರಿನವರು ಎರಡನ್ನೂ ಕೂಡಿಸಿದರು. ಮದುವೆ, ಅದೂ ಕೋರ್ಟಿನಲ್ಲಿ; ಅಂದರೆ ರಿಜಿಸ್ಟರ್ ಮದುವೆ. ಅಂದರೆ ಹುಡುಗಿಯೇ ಮೆಚ್ಚಿದ್ದು. ಹಾಲಿನ ಡೇರಿಯಲ್ಲಿ ವರ ದೇವನೂರಿನ ಮೇಷ್ಟ್ರಾದ. ಹೋಟೆಲ್ಲಿಗೆ ಬರುವಷ್ಟರಲ್ಲಿ ಪೊಲೀಸಾದ. ಸಂಜೆ ಗಿರಣಿಯ ಮುಂದೆ ಅವನು ಪಂಜಾಬಿನವನು, ಗಡ್ಡವೂ ಇತ್ತು.

ಸಂಜೆ ಮಲ್ಲಿಕಾಂಬ ಮಗಳೊಂದಿಗೆ ಓಂಕಾರೇಶನ ಮನೆಗೆ ಬಂದಳು.

"ಮಾಮ, ನನ್ ಮದ್ವೆ ಯಾವತ್ತು ಅಂತ ನಂಗೂ ಒಂದು ನೋಟಿಸ್ ಕೊಟ್ಟಿದ್ರೆ ಚೆನ್ನಾಗಿತ್ತು" ಎಂದಳು ಶಾಂಭವಿ.

ಓಂಕಾರೇಶ ಕುರ್ಚಿಯಲ್ಲಿ ಕುಸಿದ. ಕೋಟು, ಅರಿಶಿನ, ಹೋಳಿಗೆ, ಎಲ್ಲವೂ ಒಂದರ ಹಿಂದೊಂದು ಅವನ ಕಣ್ಣ ಮುಂದೆ ಬಂದವು. ಯಶೋಧರಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದನ್ನು ಜೋರು ಮಾಡಿದಳು.

ಮಲ್ಲಿಕಾಂಬ ಕಂಬಕ್ಕೆ ಒರಗಿ ಕೂತಳು. ಆಮೇಲೆ ಕೇಳಿದಳು. "ಅಣ್ಣ ಸೀರೆ ತಂದವ್ನಂತಾ? ಯಾವ್ ಬಣ್ಣ?"

"ಅದು ಗೊತ್ತಿಲ್ಲ ಅಕ್ಕಾ."

"ಇರ್ಲಿ." ಅವಳು ಎದ್ದಳು. "ಹೋಗಿ ನಿಜ ಹೇಳ್ಬಾ. ದಾರಿ ಸಿಗ್ದಿದ್ರೆ ತೋಟ ಹೋಗ್ಲಿ, ಅಣ್ಣನ್ನ ಮೋಸ ಮಾಡಿ ಕರಿಯಲ್ಲ ನಾನು."

ಗುರುವಾರ ಓಂಕಾರೇಶ ಮತ್ತೆ ಚೌಳಹಿರಿಯೂರಿಗೆ ಹೋದ. ಸೋಮಶೇಖರಪ್ಪ ಕನ್ನಡಿಯ ಮುಂದೆ ರೇಷ್ಮೆ ಪಂಚೆ ಉಟ್ಟು ನೋಡುತ್ತಿದ್ದ. ಮೀಸೆಗೆ ಬಣ್ಣ ಬಂದಿತ್ತು. ಮಂಚದ ಮೇಲೆ ಹಸಿರು ಅಂಚಿನ ಸೀರೆ.

"ಅಣ್ಣಾ, ಒಂದ್ ಮಾತು. ಅಲ್ಲಿ... ಜಡ್ಜ್ ಇರ್ತಾರೆ."

"ಜಡ್ಜಾ!" ಸೋಮಶೇಖರಪ್ಪ ತಿರುಗಿದ. "ಗಂಡಿನ ಕಡೆಯೋರಾ?"

"ಯಾರ ಕಡೆಯೋರೂ ಅಲ್ಲ ಅಣ್ಣಾ. ಇಬ್ರಿಗೂ ಸಮ."

"ಇಬ್ರಿಗೂ ಬೇಕಾದೋರು ಅನ್ನು. ಇನ್ಯಾರು?"

"ಒಬ್ರು ಲಾಯರ್ರು."

"ನಮ್ ಮಲ್ಲಿ ದೊಡ್ಡ ಕಡೇನೇ ಹಿಡ್ದವ್ಳೆ ಬಿಡು!" ಎಂದು ಸೋಮಶೇಖರಪ್ಪ ಒಳಗೆ ಕೂಗಿದ. "ಏ ಇವ್ಳೇ, ಓಲಗದೋರಿಗೂ ಹೇಳ್ಬಿಡು. ನಾವೇನು ಕಮ್ಮಿ?" ಆಮೇಲೆ ದನಿ ತಗ್ಗಿಸಿ ಓಂಕಾರೇಶನ ಕೈ ಹಿಡಿದುಕೊಂಡ. "ಒಂದೇ ಒಂದು ಕೂಗು ಕೂಗಿದ್ರೆ ನಾನು ಯಾವತ್ತೋ ಹೋಗ್ತಿದ್ದೆ ಕಣೋ. ಆರು ವರ್ಷ ಬೇಕಾಯ್ತು ಅವ್ಳಿಗೆ."

ಆ ಕೈ ನೋಡಿ ಓಂಕಾರೇಶ ತಂದ ನಿಜವನ್ನು ಜೇಬಿನಲ್ಲೇ ಉಳಿಸಿಕೊಂಡ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದ. ಊರಿಗೆ ಬಂದು ಮಲ್ಲಿಕಾಂಬನಿಗೆ, "ಬತ್ತೀನಿ ಅಂದ್ರು ಅಕ್ಕಾ" ಎಂದಷ್ಟೇ ಹೇಳಿದ. ಅದು ಸುಳ್ಳಲ್ಲವೆಂದು ತನಗೆ ತಾನೇ ಹಲವು ಸಲ ಹೇಳಿಕೊಂಡ.

ಶನಿವಾರ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ವ್ಯಾನು ನಿಂತಿತು. ಸೋಮಶೇಖರಪ್ಪ, ಅವನ ಹೆಂಡತಿ, ರೇಷ್ಮೆಯುಟ್ಟ ಏಳೆಂಟು ಜನ ನೆಂಟರು, ಹಣ್ಣು ಕಾಯಿ ಸೀರೆ ಬೆಲ್ಲದ ಐದು ತಟ್ಟೆ, ಹಿಂದಿನ ಸೀಟಿನಲ್ಲಿ ಇಬ್ಬರು ಓಲಗದವರು. ಓಂಕಾರೇಶ ಡ್ರೈವರಿನ ಪಕ್ಕ ಹತ್ತಿ ಬಾಯಿಬಿಡದೆ ಕೈಯಲ್ಲೇ ದಾರಿ ತೋರಿಸಿದ. ವ್ಯಾನು ಕೋರ್ಟಿನ ಕಾಂಪೌಂಡು ಹೊಕ್ಕಿತು.

ಅಲ್ಲಿ ಶಾಮಿಯಾನ ಹಾಕಿದ್ದರು. ಸಾಲಾಗಿ ಕುರ್ಚಿಗಳಿದ್ದವು, ಜನ ನೆರೆದಿದ್ದರು, ಒಂದು ಮೂಲೆಯಲ್ಲಿ ಕಾಫಿ ಕೊಡುತ್ತಿದ್ದರು. ಮದುವೆಯಲ್ಲ ಎನ್ನಲು ಏನೂ ಇರಲಿಲ್ಲ. ಸೋಮಶೇಖರಪ್ಪ ಇಳಿದು ಶಲ್ಯ ಸರಿಮಾಡಿಕೊಂಡು ಕಣ್ಸನ್ನೆ ಮಾಡಿದ. ಓಲಗ ಶುರುವಾಯಿತು.

ಒಳಗೆ ಯಾವುದೋ ಬ್ಯಾಂಕಿನವರು ಮಾತಾಡುತ್ತಿದ್ದವರು ನಿಂತರು. ವಕೀಲರು ಕಿಟಕಿಗೆ ಬಂದರು. ಕಾನ್‌ಸ್ಟೇಬಲ್ ಟೋಪಿ ಹಿಡಿದುಕೊಂಡು ಓಡಿಬಂದ.

"ಏಯ್, ನಿಲ್ಸ್ರೀ! ಕೋರ್ಟ್ ನಡೀತೈತೆ!"

"ಸೋದರಮಾವ ಬಂದವ್ರೆ ಅಂತ ಹೋಗಿ ಹೇಳಪ್ಪ" ಎಂದ ಸೋಮಶೇಖರಪ್ಪ ಗಂಭೀರವಾಗಿ.

ಹೊಂಗೆ ಮರದ ಕೆಳಗೆ ಹಳೆ ಸೀರೆಯಲ್ಲಿ ನಿಂತಿದ್ದ ಮಲ್ಲಿಕಾಂಬ ಓಡಿಬಂದಳು. ಅಣ್ಣನಿಗೆ ಎಲ್ಲ ಗೊತ್ತಿದ್ದೂ ತಟ್ಟೆ ತುಂಬಿಕೊಂಡು ಬಂದಿದ್ದಾನೆಂದೇ ಅವಳು ತಿಳಿದಿದ್ದಳು. "ಅಣ್ಣಾ, ಬಂದ್ಯಾ!" ಎಂದು ಅವನ ಕೈ ಹಿಡಿದು ಅತ್ತಳು. ಸೋಮಶೇಖರಪ್ಪನೂ ಕಣ್ಣೊರೆಸಿಕೊಂಡ. ಎಲ್ಲ ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

"ಅಳ್ಬೇಡ ಸುಮ್ಕಿರು. ಮದುಮಗಳೆಲ್ಲಿ?" ಎಂದ ಅವನು.

ಮಲ್ಲಿಕಾಂಬ ಓಂಕಾರೇಶನನ್ನು ನೋಡಿದಳು. ಸೋಮಶೇಖರಪ್ಪನೂ ನೋಡಿದ. ಅಷ್ಟರಲ್ಲಿ ಜಡ್ಜ್ ಮೇಡಂ ಮೆಟ್ಟಿಲಿಳಿದು ಬಂದು, "ಯಾರದು ಮದುವೆ?" ಎಂದರು. ಓಲಗದವನು ಮೆಲ್ಲಗೆ ವಾದ್ಯವನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಓಂಕಾರೇಶ ಹೇಳಿದ. ಬೋಳು ಕಾಗದದಿಂದ ಹಿಡಿದು ಹಸಿರು ಅಂಚಿನವರೆಗೆ, ಹೋಳಿಗೆ ತಿಂದದ್ದನ್ನೂ ಬಿಡದೆ, ಒಂದೇ ಉಸಿರಿನಲ್ಲಿ ಹೇಳಿದ. ಇಷ್ಟು ಸ್ಪಷ್ಟವಾಗಿ ಅವನು ಮೊದಲೇ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸೋಮಶೇಖರಪ್ಪ ದೇವರ ಗೂಡಿನಿಂದ ಜೊತೆಗೆ ತಂದಿದ್ದ ಕವರನ್ನು ಜೇಬಿನಿಂದ ತೆಗೆದ. ಅಂಟು ಇನ್ನೂ ಹಾಗೇ ಇತ್ತು. ಬಿಚ್ಚಿ ಓದಿದ. 'ಅರ್ಜಿದಾರರು: ಮಲ್ಲಿಕಾಂಬ. ಎದುರುದಾರರು: ಸೋಮಶೇಖರಪ್ಪ.' ಅವನ ಮುಖ ಕೆಂಪಾಯಿತು. ಶಲ್ಯ ಕೊಡವಿ ಹೆಗಲಿಗೆ ಹಾಕಿದ.

"ನಡೀರಿ ಎಲ್ರೂ. ವ್ಯಾನ್ ತಿರುಗ್ಸಪ್ಪಾ."

ಅವನ ಹೆಂಡತಿ ತಟ್ಟೆ ಹಿಡಿದುಕೊಂಡು ಎತ್ತ ಹೋಗುವುದೆಂದು ತಿಳಿಯದೆ ನಿಂತಳು. ಓಂಕಾರೇಶ ತೋಟ ಕೈಬಿಟ್ಟುಹೋಯಿತೆಂದೇ ತಿಳಿದ. ಮಲ್ಲಿಕಾಂಬ ಮಾತ್ರ ಕದಲಲಿಲ್ಲ.

"ಕರೆದ್ರೆ ಬರ್ತಿದ್ದಾ ಅಣ್ಣಾ ನೀನು?" ಎಂದಳು. "ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಾನೇ ಬಂದು ಕರೀತಿದ್ದೆ. ಈ ಕಾಗದ ಯಾಕೆ ಬೇಕಿತ್ತು?"

ಸೋಮಶೇಖರಪ್ಪ ವ್ಯಾನಿನ ಬಾಗಿಲಲ್ಲಿ ಕೈಯಿಟ್ಟವನು ಹಾಗೇ ನಿಂತ.

"ನೀವು ಹತ್ತು ದಿನದಿಂದ ಇದನ್ನ ಯಾಕೆ ತೆಗೆದು ನೋಡಲಿಲ್ಲ?" ಎಂದು ಮೇಡಂ ಮೆತ್ತಗೆ ಕೇಳಿದರು.

ಅವನು ವ್ಯಾನಿನ ಬಾಗಿಲಿಂದ ಕೈ ತೆಗೆದ. ಆಮೇಲೆ ನೆಲ ನೋಡುತ್ತ ಹೇಳಿದ. "ಲಗ್ನಪತ್ರಿಕೇಲಿ ಕರೆಯೋರ ಹೆಸರು ಹಾಕಿರ್ತಾರಲ್ಲಮ್ಮ. ತೆಗೆದು ನೋಡಿ, ಅದ್ರಲ್ಲಿ ನನ್ ಹೆಸರು ಇಲ್ದೆ ಹೋದ್ರೆ... ಮತ್ತೆ ಸಿಟ್ಟು ಮಾಡ್ಕೋಬೇಕಾಗಿತ್ತು. ಸಾಕಾಗಿತ್ತು ನಂಗೆ."

ಕಾನ್‌ಸ್ಟೇಬಲ್ ಕೂಡ ಬೇರೆ ಕಡೆ ನೋಡಿದ.

"ಹೆಸರೇನೋ ಇದೆ" ಎಂದರು ಮೇಡಂ. "ಬನ್ನಿ, ಒಳಗೆ ಕೂತು ಮಾತಾಡೋಣ."

ಮಾತಾಡಲು ಹೆಚ್ಚೇನೂ ಇರಲಿಲ್ಲ. ಎಷ್ಟು ಅಗಲದ ದಾರಿ ಎಂದು ಕೇಳಿದಾಗ ಮಲ್ಲಿಕಾಂಬ ಆರಡಿ ಸಾಕೆಂದಳು. ಸೋಮಶೇಖರಪ್ಪ ಸಿಡುಕಿದ. "ಆರಡೀಲಿ ಏನೇ ಹೋಗುತ್ತೆ, ಆಡು ಹೋಗುತ್ತೆ! ಹನ್ನೆರಡಡಿ ಬರ್ಕೊಳ್ಳಿ ಸ್ವಾಮಿ. ಕಾಯಿ ತುಂಬಿದ ಟ್ರ್ಯಾಕ್ಟರ್ ತಿರುಗಬೇಕಲ್ಲ." ಸಹಿ ಮಾಡುವಾಗ ಮಾತ್ರ ಒಂದು ಸಲ ತಡೆದು, "ಅವತ್ತು ಪಂಕ್ತಿಯಿಂದ ಎಬ್ಸಿದ್ದು ನಾನಲ್ಲ ಕಣೇ" ಎಂದ. "ಬರ್ಕೊಳ್ಳಬೇಕಾ?" ಎಂದು ರಾಜಿಪತ್ರ ಬರೆಯುತ್ತಿದ್ದ ಗುಮಾಸ್ತರು ಕೇಳಿದರು. ಬೇಡವೆಂದು ತೀರ್ಮಾನವಾಯಿತು. ಹೊರಗೆ ಹೊಂಗೆ ಮರದ ಕೆಳಗೆ ಅವನ ಹೆಂಡತಿ ಸೀರೆ ತಟ್ಟೆಯನ್ನು ಮಲ್ಲಿಕಾಂಬನ ಮಡಿಲಿಗೆ ಕೊಟ್ಟಳು. ಮದುವೆಯಿಲ್ಲದ ಸೀರೆ ಬೇಡವೆಂದು ಮಲ್ಲಿಕಾಂಬ, ತಂದ ಸೀರೆ ವಾಪಸ್ ಒಯ್ಯುವುದಿಲ್ಲವೆಂದು ಅತ್ತಿಗೆ. ದಾರಿಗಿಂತ ದೊಡ್ಡ ಜಗಳ ಅದಕ್ಕೇ ಆಯಿತು, ಮತ್ತು ಇಬ್ಬರೂ ಅದನ್ನು ಬಹಳ ಇಷ್ಟಪಟ್ಟು ಆಡಿದರು.

ಮಧ್ಯಾಹ್ನ ಮೇಡಂ ಓಂಕಾರೇಶನನ್ನು ಕರೆಸಿದರು.

"ಕೋರ್ಟಿನ ಕಾಗದಕ್ಕೆ ಅರಿಶಿನ ಹಚ್ಚೋ ಹಾಗಿಲ್ಲ. ಅದು ಏನು ಕಾಗದ ಅಂತ ಮೊದಲು ಬಾಯಿಬಿಟ್ಟು ಹೇಳಬೇಕು. ಗೊತ್ತಿಲ್ಲದೆ ಬಂದೋರು ಬಂದ ಹಾಗಲ್ಲ. ಇವತ್ತು ಒಳ್ಳೇದಾಯ್ತು ಅಂತ ದಿನಾ ಆಗಲ್ಲ."

ಓಂಕಾರೇಶ ತಲೆತಗ್ಗಿಸಿ ಕೋಟಿನ ಗುಂಡಿ ಬಿಚ್ಚಿ, ಕೊರಳಿನ ಚೀಟಿ ತೆಗೆದು ಎರಡು ಕೈಯಲ್ಲಿ ಮೇಜಿನ ಮೇಲಿಟ್ಟ.

ಮೇಡಂ ಅದನ್ನು ಅವನ ಕಡೆಗೇ ಸರಿಸಿದರು. "ಎರಡು ರಿಜಿಸ್ಟರ್ ಪೋಸ್ಟ್ ಒಳಗೆ ಹೋಗದ ಮನೆಗೆ ನೀವು ಹೋಗಿ ಊಟ ಮಾಡಿ ಬಂದಿದ್ದೀರಿ. ಇದನ್ನ ಹಾಕ್ಕೊಳ್ಳಿ. ಕೋಟು ಬಿಚ್ಚಿ."

ಮುಂದಿನ ವರ್ಷ ಶಾಂಭವಿಗೆ ನಿಜವಾಗಿಯೇ ಮದುವೆ ಗೊತ್ತಾಯಿತು. ವರ ಕಡೂರಿನ ಮೇಷ್ಟ್ರು, ಗಡ್ಡವಿರಲಿಲ್ಲ. ಮಲ್ಲಿಕಾಂಬ ಹಸಿರು ಅಂಚಿನ ಸೀರೆಯುಟ್ಟು ಅಣ್ಣನ ಮನೆಗೆ ಮೊದಲ ಪತ್ರಿಕೆ ಕೊಡಲು ಹೊರಟಳು, ಓಂಕಾರೇಶನೂ ಜೊತೆಗೆ ಬರಲೇಬೇಕೆಂದು ಹಟ ಹಿಡಿದಳು. ಅವನು ಬಿಳಿ ಅಂಗಿಯಲ್ಲಿ, ಚೀಟಿಯನ್ನು ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಿಕೊಂಡು ಹೋದ. ಹೊಸಿಲು ದಾಟುವ ಮೊದಲೇ, "ಅಣ್ಣಾ, ಇದು ಮದ್ವೆ ಪತ್ರಿಕೆ. ಮದ್ವೇದು. ನೋಟಿಸ್ ಅಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದ.

ಸೋಮಶೇಖರಪ್ಪ ನಂಬಲಿಲ್ಲ. ಕನ್ನಡಕ ತರಿಸಿದ. ತಟ್ಟೆಯಿಂದ ಪತ್ರಿಕೆ ಎತ್ತಿ, ಅಲ್ಲೇ ನಿಂತು ಬಿಚ್ಚಿ, ಶ್ರೀಕಾರದಿಂದ ಹಿಡಿದು ಕೆಳಗಿನ ಪ್ರೆಸ್ಸಿನ ಹೆಸರಿನವರೆಗೆ ಓದಿದ. ಹಿಂದೆ ತಿರುಗಿಸಿ ನೋಡಿದ. ಮತ್ತೆ ಮೊದಲಿಂದ ಓದಿದ. ಆಮೇಲೆ ಕೆಳಗಿನ ಒಂದು ಸಾಲಿನಲ್ಲಿ ಅವನ ಕಣ್ಣು ನಿಂತಿತು. 'ಸುಖಾಗಮನ ಬಯಸುವವರು' ಎಂಬುದರ ಕೆಳಗೆ, ಎಲ್ಲರಿಗಿಂತ ಮೇಲೆ, 'ಸೋಮಶೇಖರಪ್ಪ, ವಧುವಿನ ಸೋದರಮಾವ' ಎಂದಿತ್ತು.

ಅವನು ಕನ್ನಡಕ ತೆಗೆದು ಶಲ್ಯದಲ್ಲಿ ಒರೆಸಿದ. ಮತ್ತೆ ಹಾಕಿಕೊಂಡ. ಜೇಬಿನಿಂದ ಪೆನ್ನು ತೆಗೆದ.

"ಎಲ್ಲಾ ಸರಿಯಾಗೈತೆ ಕಣೋ ಓಂಕಾರಿ" ಎಂದ. "ಸೈನ್ ಎಲ್ಲಿ ಹಾಕ್ಬೇಕು?"